ಮಳೆಗಾಲದ ಭೇಟಿಗೆ ದುಡ್ಡು, ಬೇಸಿಗೆಯ ರಿಪೇರಿಗೆ ಮತ್ತೆ ದುಡ್ಡು: ಎಎಂಸಿ ದರದ ಬಗ್ಗೆ ದೂರು

ಇಂದ:
ವ್ಯವಸ್ಥಾಪಕರು,
ಕಲ್ಯಾಣ ಮಂಟಪ ಮತ್ತು ವಸತಿಗೃಹ,
ತೀರ್ಥಹಳ್ಳಿ ರಸ್ತೆ, ಶಿವಮೊಗ್ಗ

ಗೆ:
ಶಾಖಾ ವ್ಯವಸ್ಥಾಪಕರು,
ಸ್ಪ್ರಿಂಕ್ಲರ್ ಮತ್ತು ಡ್ರಿಪ್ ನಿರ್ವಹಣಾ ವಿಭಾಗ

ವಿಷಯ: ವಾರ್ಷಿಕ ನಿರ್ವಹಣೆಗೆ ತೆಗೆದುಕೊಂಡ ಹಣ, ಮಾಡದ ಕೆಲಸ ಮತ್ತು ಹೊಸ ಕೊಟೇಶನ್ ಬಗ್ಗೆ

ಮಾನ್ಯರೇ,

ನಮ್ಮ ಲಾನಿನ ಸ್ಪ್ರಿಂಕ್ಲರ್ ಮತ್ತು ಡ್ರಿಪ್ ಸಿಸ್ಟಂಗೆ ಮುಂದಿನ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕೊಟೇಶನ್ ಕಳೆದ ವಾರ ಬಂತು. ಹೋದ ವರ್ಷದ ಪಟ್ಟಿಯನ್ನೇ ಇಟ್ಟುಕೊಂಡು ಶೇ 10ರಷ್ಟು ಜಾಸ್ತಿ ಮಾಡಿದ್ದೀರಿ. ಅದಕ್ಕೆ ಸಹಿ ಹಾಕುವ ಮೊದಲು ಈ ವರ್ಷದ ಲೆಕ್ಕ ಇತ್ಯರ್ಥ ಆಗಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಉತ್ತರ ಬರಲಿಲ್ಲ, ಹಾಗಾಗಿ ಬರೆದು ಕಳಿಸುತ್ತಿದ್ದೇನೆ.

ನಾವು ಕೊಟ್ಟಿದ್ದು ಇಷ್ಟು. 12 ಜೋನ್‌ಗೆ (ಒಂದು ವಾಲ್ವಿನಿಂದ ಒಟ್ಟಿಗೆ ನೀರು ಹಾಯುವ ಭಾಗ ಒಂದು ಜೋನ್) ತಲಾ 6,500ರಂತೆ 78,000 ರೂಪಾಯಿ. ‘ವಿಂಟರೈಸೇಷನ್’, ಅಂದರೆ ಚಳಿಗಾಲಕ್ಕೆ ಮೊದಲು ಪೈಪು ಖಾಲಿ ಮಾಡುವ ಬಾಬ್ತಿಗೆ 18,000. ಶೇ 18 ಜಿಎಸ್‌ಟಿ ಸೇರಿ 1,13,280 ರೂಪಾಯಿ. ಪೂರ್ತಿ ಹಣ ಏಪ್ರಿಲ್‌ನಲ್ಲೇ ಮುಂಗಡ ಕಟ್ಟಿದ್ದೇವೆ. ಅದಕ್ಕೆ ಮೂರು ತಿಂಗಳಿಗೊಂದು ಭೇಟಿ: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ನಡುವೆ ನವೆಂಬರ್‌ನಲ್ಲಿ ವಿಂಟರೈಸೇಷನ್.

ಜುಲೈ ಭೇಟಿ ಹೇಗಿತ್ತು ಅಂತ ನಿಮಗೆ ಗೊತ್ತಿರಬೇಕು. ಪುನರ್ವಸು ಮಳೆ ಹಿಡಿದು ಬಿಟ್ಟಿರಲಿಲ್ಲ. ಲಾನ್ ಮೇಲೆ ಪಾದ ಮುಳುಗುವಷ್ಟು ನೀರು. ಮೇ ಕೊನೆಯಲ್ಲೇ ನಾವು ಕಂಟ್ರೋಲರ್ (ಹೊತ್ತಿಗೆ ಸರಿಯಾಗಿ ನೀರು ಬಿಡುವ ಪೆಟ್ಟಿಗೆ) ಆಫ್ ಮಾಡಿ, ಸಿಡಿಲಿನ ಭಯಕ್ಕೆ ಪ್ಲಗ್ ಕೂಡ ಕಿತ್ತಿಟ್ಟಿದ್ದೆವು. ನಿಮ್ಮ ಹುಡುಗ ರೈನ್‌ಕೋಟ್ ಹಾಕಿಕೊಂಡು ಬೈಕಿನಲ್ಲಿ ಬಂದ. ‘ಎಂತ ಮಾರಾಯ, ಈ ಮಳೇಲಿ ಸ್ಪ್ರಿಂಕ್ಲರ್ ನೋಡಕ್ಕೆ ಬಂದ್ಯಾ?’ ಅಂತ ನಮ್ಮ ಮಾಲಿ ಕೇಳಿದ. ‘ಕಾರ್ಡಿಗೆ ಒಂದು ಸೈನ್ ಬೇಕಣ್ಣ, ಅಷ್ಟೇ’ ಅಂದ. ಆ ಹುಡುಗನದ್ದು ತಪ್ಪಿಲ್ಲ. ಅವನನ್ನು ಕಳಿಸಿದ ಪಟ್ಟಿಯದ್ದು ತಪ್ಪು. ವಾಲ್ವ್ ಬಾಕ್ಸ್‌ಗಳೆಲ್ಲ ಕೆಸರು ನೀರಿನಲ್ಲಿ ಮುಳುಗಿದ್ದವು. ನೋಡುವುದಕ್ಕೆ ಏನೂ ಇರಲಿಲ್ಲ. ಆದರೂ ವರ್ಷದ ನಾಲ್ಕು ಭೇಟಿಯಲ್ಲಿ ಒಂದು ಅಲ್ಲಿಗೆ ಮುಗಿಯಿತು. ನಿಮ್ಮ ಲೆಕ್ಕದಲ್ಲೇ ಅದರ ಬೆಲೆ 19,500 ರೂಪಾಯಿ.

ಇನ್ನು ನವೆಂಬರ್‌ನ ಕೆಲಸ. ಕಂಪ್ರೆಸರ್ ತಂದು ಎಲ್ಲಾ ಲೈನಿಗೂ ಗಾಳಿ ಹೊಡೆದು, ಪೈಪಿನಲ್ಲಿದ್ದ ನೀರನ್ನೆಲ್ಲ ಹೊರಗೆ ಹಾಕಿ ಹೋದರು. ಹಿಮ ಬೀಳುವ ದೇಶಗಳಲ್ಲಿ ಇದು ಬೇಕೇ ಬೇಕಾದ ಕೆಲಸ. ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಪೈಪಿನೊಳಗಿನ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪು, ವಾಲ್ವ್ ಎಲ್ಲಾ ಸೀಳುತ್ತವೆ. ಅದಕ್ಕೇ ಚಳಿಗಾಲಕ್ಕೆ ಮೊದಲು ಲೈನ್ ಖಾಲಿ ಮಾಡುತ್ತಾರೆ. ಶಿವಮೊಗ್ಗದಲ್ಲಿ ಜನವರಿಯ ಚಳಿಯಲ್ಲೂ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೂ ಇಳಿಯುವುದಿಲ್ಲ. ಇಲ್ಲಿ ಹೆಪ್ಪುಗಟ್ಟುವುದಕ್ಕೆ ಏನಿದೆ? ಚಳಿ ಬೀಳುವ ಹೊತ್ತಿಗೆ ಅಲ್ಲಿ ಸಿಸ್ಟಂ ಮುಚ್ಚುತ್ತಾರೆ. ನಮ್ಮಲ್ಲಿ ಅದೇ ಹೊತ್ತಿಗೆ ಮಳೆ ನಿಂತು, ಭೂಮಿ ಒಣಗಲು ಶುರುವಾಗಿ, ಸಿಸ್ಟಂ ಚಾಲೂ ಆಗಬೇಕು. ನಿಮ್ಮವರು ಗಾಳಿ ಹೊಡೆದ ರಭಸಕ್ಕೆ ಹೂವಿನ ಪಾತಿಯ ಡ್ರಿಪ್ಪರ್‌ಗಳು ಕಳಚಿ ಹಾರಿದವು, ಕೆಲವು ಜಾಯಿಂಟ್ ಬಿಟ್ಟುಕೊಂಡವು. ಅವನ್ನೆಲ್ಲ ನಮ್ಮ ಮಾಲಿಯೇ ಕೂತು ಒಂದೊಂದಾಗಿ ಹಾಕಿದ. ಯಾಕೆ ಈ ಕೆಲಸ ಅಂತ ಕೇಳಿದರೆ ‘ಫಾರ್ಮ್ಯಾಟ್‌ನಲ್ಲಿ ಇದೆ ಸರ್’ ಅನ್ನುವ ಉತ್ತರ. ಬೇರೆ ಯಾವುದೋ ಹವಾಮಾನಕ್ಕೆ ಮಾಡಿದ ಫಾರ್ಮ್ಯಾಟ್‌ಗೆ ಶಿವಮೊಗ್ಗದಲ್ಲಿ 18,000 ರೂಪಾಯಿ ಯಾಕೆ ಕೊಡಬೇಕು?

ನಿಜವಾಗಿ ಕೆಲಸ ಬಿದ್ದಿದ್ದು ಫೆಬ್ರುವರಿಯಲ್ಲಿ. ಮದುವೆ ಸೀಸನ್ ಶುರುವಾಗಿತ್ತು. ನಮ್ಮದು ಸುಮಾರು ಅರ್ಧ ಎಕರೆ ಲಾನ್, ಅಂದರೆ 2,000 ಚದರ ಮೀಟರ್. ಬಿಸಿಲು ಏರಿದ ಮೇಲೆ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ಹತ್ತಿರ ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಒಟ್ಟು ದಿನಕ್ಕೆ 10,000 ಲೀಟರ್. ಆ ಹೊತ್ತಿನಲ್ಲಿ ವೇದಿಕೆ ಮುಂದಿನ ಎರಡು ಜೋನ್ ನೀರು ಚಿಮ್ಮುವುದನ್ನೇ ನಿಲ್ಲಿಸಿದವು. ನೀರಿನ ಒತ್ತಡಕ್ಕೆ ನೆಲದಿಂದ ಮೇಲೇಳುವ ಪಾಪ್-ಅಪ್ ಸ್ಪ್ರಿಂಕ್ಲರ್‌ಗಳು ಅರ್ಧ ಎದ್ದು, ಬುಡದಲ್ಲೇ ನೀರು ಸುರಿಸಿ ಕೂತವು.

ಮಾಲಿ ಡಿಸ್ಕ್ ಫಿಲ್ಟರ್ ಬಿಚ್ಚಿ ನನ್ನನ್ನು ಕರೆದ. ರಿಂಗುಗಳ ನಡುವೆ ಕಂದು ಲೋಳೆ ತುಂಬಿತ್ತು, ಬೆರಳಲ್ಲಿ ಉಜ್ಜಿದರೆ ತುಕ್ಕಿನ ಬಣ್ಣ ಅಂಟುತ್ತಿತ್ತು. ನಮ್ಮ ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಇದೆ. ಮೇಲೆ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಕೆಂಪಾಗಿ ಗಸಿ ಇಳಿಯುತ್ತದೆ. ಆ ಗಸಿ ಫಿಲ್ಟರಿಗೆ, ವಾಲ್ವಿನ ಡಯಾಫ್ರಮ್ಮಿಗೆ, ಡ್ರಿಪ್ಪರಿನ ಸಣ್ಣ ದಾರಿಗೆ ಹೋಗಿ ಕೂರುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ನೋಡಿದವರಿಗೆ ಇದು ಹೊಸ ವಿಷಯ ಅಲ್ಲ. ಸಿಸ್ಟಂ ಹಾಕಿದ ದಿನವೇ ನಿಮ್ಮ ಎಂಜಿನಿಯರ್‌ಗೆ ಹೇಳಿದ್ದೆವು. ಇಂಥ ನೀರಿಗೆ ಬೇಸಿಗೆಯಲ್ಲಿ ಫಿಲ್ಟರ್ ಪದೇ ಪದೇ ತೊಳೆಯಬೇಕು, ಲೈನಿನ ಎಂಡ್ ಕ್ಯಾಪ್ ಬಿಚ್ಚಿ ಫ್ಲಶ್ ಮಾಡಬೇಕು, ಡ್ರಿಪ್ ಲೈನಿಗೆ ತಿಳಿದವರ ಕೈಯಲ್ಲಿ ಕ್ಲೋರಿನ್ ಇಲ್ಲವೇ ಆ್ಯಸಿಡ್ ಟ್ರೀಟ್‌ಮೆಂಟ್ ಕೊಡಿಸಬೇಕು. ನಿಮ್ಮ ಪಟ್ಟಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಫೋನ್ ಮಾಡಿದರೆ ‘ಜನವರಿ ವಿಸಿಟ್ ಮುಗಿದಿದೆ, ಮುಂದಿನದು ಏಪ್ರಿಲ್‌ಗೆ, ಈಗ ಬಂದರೆ ಎಕ್ಸ್‌ಟ್ರಾ’ ಅಂದರು. ಮಂಟಪದಲ್ಲಿ ಮರುದಿನ ಆರತಕ್ಷತೆ ಇತ್ತು. ಎಕ್ಸ್‌ಟ್ರಾ ಕೊಟ್ಟೇ ಕರೆಸಿದೆವು. ಎರಡು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಬದಲಾಯಿಸಿದರು. ಹಳೆಯದನ್ನು ವಾಪಸ್ ಕೊಡಲಿಲ್ಲ, ಎಂಆರ್‌ಪಿ ಇರುವ ಬಿಲ್ಲೂ ಇಲ್ಲ. ಸುಮ್ನೆ ‘ಸ್ಪೇರ್ಸ್ ಮತ್ತು ಲೇಬರ್’ ಅಂತ ಒಟ್ಟು ಮೊತ್ತ ಬರೆದಿದ್ದಾರೆ. ಅಷ್ಟರೊಳಗೆ ಲಾನಿನ ಆ ಭಾಗ ಹಳದಿಯಾಗಿತ್ತು. ಹೆಣ್ಣಿನ ಕಡೆಯವರು ಬಂದು ನೋಡಿ, ಊಟದ ಟೇಬಲ್ ಆ ಕಡೆ ಹಾಕಿ ಮುಚ್ಚಿಬಿಡಿ ಅಂದರು. ನನಗೆ ತುಂಬಾ ಬೇಜಾರಾಯಿತು. ಹಸಿರು ಲಾನ್ ತೋರಿಸಿ ಅಡ್ವಾನ್ಸ್ ತಗೊಂಡವರು ನಾವು, ಅವರಿಗೆ ಉತ್ತರ ಕೊಡಬೇಕಾದವರೂ ನಾವೇ.

ದರ ಜಾಸ್ತಿ ಅನ್ನುವುದು ನನ್ನ ದೂರಲ್ಲ. ದರ ನಿಂತಿರುವ ಜಾಗ ಸರಿ ಇಲ್ಲ ಅನ್ನುವುದು ದೂರು. ಇಲ್ಲಿ ದೊಡ್ಡ ಕೆಲಸ ಎರಡು. ಮೃಗಶಿರ ಮಳೆಗೆ ಮೊದಲು ಮುಚ್ಚುವುದು: ಲೈನ್ ಫ್ಲಶ್ ಮಾಡಿ, ಫಿಲ್ಟರ್ ತೊಳೆದಿಟ್ಟು, ಕಂಟ್ರೋಲರ್ ಬಿಚ್ಚಿ, ವಾಲ್ವ್ ಬಾಕ್ಸಿಗೆ ಕೆಸರು ನುಗ್ಗದ ಹಾಗೆ ಮಾಡುವುದು. ಸ್ವಾತಿ ಮಳೆ ಕಳೆದ ಮೇಲೆ ತೆರೆಯುವುದು: ಇರುವೆ ಗೂಡು, ಬೇರು, ಇಲಿ ಕಡಿದ ವೈರ್ ಎಲ್ಲಾ ನೋಡಿ, ಪ್ರೆಷರ್ ಪರೀಕ್ಷಿಸಿ, ಟೈಮರ್ ಹೊಂದಿಸುವುದು. ಅದಾದ ಮೇಲೆ ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೊಂದು ಸಣ್ಣ ಭೇಟಿ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಬರುವುದು ಬೇಡ. ದೊಡ್ಡ ಕೆಲಸಕ್ಕೆ ಇಬ್ಬರು ಪೂರ್ತಿ ದಿನ ದುಡಿದರೆ ಅದರ ಕೂಲಿ ಧಾರಾಳವಾಗಿ ಹಾಕಿ, ನಾವು ಕೊಡುತ್ತೇವೆ.

ಜೋನ್‌ಗೆ ಇಷ್ಟು ಅಂತ ಒಂದೇ ದರ ಹಾಕುವುದೂ ನ್ಯಾಯ ಅಲ್ಲ. ಗೇಟಿನ ಪಕ್ಕ ಹಲಸಿನ ಮರದ ನೆರಳಲ್ಲಿ ನಾಲ್ಕು ಸ್ಪ್ರೇ ಇರುವ ಜೋನಿಗೂ, ಕಬ್ಬಿಣದ ನೀರು ಹರಿಯುವ ಉದ್ದದ ಡ್ರಿಪ್ ಜೋನಿಗೂ ಒಂದೇ 6,500! ಎರಡನೆಯದಕ್ಕೆ ಜಾಸ್ತಿ ಹಾಕಿ, ಮೊದಲನೆಯದಕ್ಕೆ ಕಡಿಮೆ ಮಾಡಿ. ನಮ್ಮ ಮಾಲೀಕರಿಗೆ ತೀರ್ಥಹಳ್ಳಿ ಆಚೆ ಒಂದು ಹೋಂಸ್ಟೇ ಕೂಡ ಇದೆ. ಅದಕ್ಕೂ ಇದೇ ದರ, ಇದೇ ನಾಲ್ಕು ಭೇಟಿ ಬರೆದು ಕಳಿಸಿದ್ದೀರಿ. ಗಾಜನೂರು ದಾಟಿ ಮಂಡಗದ್ದೆ ಕಡೆ ಹೋದ ಹಾಗೆ ಮಳೆ ಏರುತ್ತಾ ಹೋಗುತ್ತದೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ. ಇತ್ತ ಶಿಕಾರಿಪುರದ ಕಡೆ ತಿರುಗಿದರೆ ಮಳೆ ಇಳಿಯುತ್ತದೆ. ಸಿಸ್ಟಂ ಓಡುವ ತಿಂಗಳುಗಳೇ ಬೇರೆ ಆದಾಗ ದರ ಒಂದೇ ಹೇಗಾಗುತ್ತದೆ, ಅಲ್ವಾ?

ನಾವು ವ್ಯಾಪಾರಕ್ಕಾಗಿ ಸೇವೆ ಪಡೆದವರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಥವರನ್ನು ಸಾಮಾನ್ಯವಾಗಿ ಗ್ರಾಹಕರು ಅಂತ ಪರಿಗಣಿಸುವುದಿಲ್ಲ. ಹಾಗಾಗಿ ಒಪ್ಪಂದದ ಒಂದೊಂದು ಸಾಲೂ ನಮಗೆ ಮುಖ್ಯ. ಈ ಸಲ ಅದನ್ನು ಇಬ್ಬರೂ ಎದುರು ಬದುರು ಕೂತು ಬರೆಯೋಣ.

ನಾವು ಕೇಳುತ್ತಿರುವುದು: ವಿಂಟರೈಸೇಷನ್‌ನ 18,000 ಮತ್ತು ಅದರ ಜಿಎಸ್‌ಟಿ 3,240, ಒಟ್ಟು 21,240 ರೂಪಾಯಿ ವಾಪಸ್ ಕೊಡಿ. ಜುಲೈ ಭೇಟಿಯ 19,500ರಲ್ಲಿ ಫೆಬ್ರುವರಿಯ ಲೇಬರ್ ವಜಾ ಮಾಡಿಕೊಳ್ಳಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಜಮಾ ಮಾಡಿ. ವಾಲ್ವ್‌ಗಳಿಗೆ ಎಂಆರ್‌ಪಿ ಇರುವ ಬಿಲ್ ಕಳಿಸಿ. ಹೊಸ ಕೊಟೇಶನ್‌ನಲ್ಲಿ ಕೂಲಿ, ಓಡಾಟ, ಸ್ಪೇರ್ಸ್ ಬೇರೆ ಬೇರೆ ಇರಲಿ, ತುರ್ತು ಕರೆಗೆ ಎಷ್ಟು ಅನ್ನುವುದನ್ನೂ ಮೊದಲೇ ಬರೆಯಿರಿ.

ಈಗಿನ ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲು ನಿಮ್ಮ ಎಂಜಿನಿಯರ್ ಒಮ್ಮೆ ಬರಲಿ. ಬೆಳಗ್ಗೆ 6ರಿಂದ 8ರ ಒಳಗೆ ಬಂದರೆ ನೀರು ಬಿಡುವ ಹೊತ್ತಿಗೆ 12 ಜೋನನ್ನೂ ಓಡಿಸಿ ತೋರಿಸಬಹುದು. ಮಾಲಿಯೂ ಆಗ ಇರುತ್ತಾನೆ. ಈ ಪತ್ರಕ್ಕೆ ಉತ್ತರವನ್ನು ಲಿಖಿತವಾಗಿಯೇ ಕಳಿಸಿ.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ

ಲಗತ್ತು: ಏಪ್ರಿಲ್‌ನ ರಸೀದಿ, ನಾಲ್ಕು ಭೇಟಿಯ ಸರ್ವಿಸ್ ಕಾರ್ಡ್, ಫೆಬ್ರುವರಿಯ ಬಿಲ್, ಫಿಲ್ಟರ್ ಮತ್ತು ಲಾನಿನ ಫೋಟೊಗಳು