ಮಾತು ನಿನ್ನೊಡನೆಯೇ ಆಗಬೇಕು

ಗದಗ

ಚಿ. ಕು. ಸುಜಾತಾಳಿಗೆ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ಹುಬ್ಬಳ್ಳಿಯ ಬ್ಯಾಂಕಿನಲ್ಲಿ ನೀನು ಚೆಕ್ ಪುಸ್ತಕ ಕೇಳಿದರೆ ಕೌಂಟರಿನಲ್ಲಿದ್ದವರು ನಿನ್ನ ತಮ್ಮನ ಕಡೆಗೆ ತಿರುಗಿ ‘ಇವರಿಗೇಕೆ ಬೇಕು?’ ಎಂದರೆಂದು ಬರೆದಿದ್ದೀಯೆ. ಅದಕ್ಕಿಂತಲೂ, ‘ನಾನು ಎದುರಿಗೇ ಕುಳಿತಿದ್ದರೂ ಜೀವನವಿಡೀ ಮಾತು ಪಕ್ಕದವರ ಹತ್ತಿರವೇ ನಡೆಯುವುದೇನೋ’ ಎಂದು ಕೊನೆಗೆ ಸೇರಿಸಿದ ಸಾಲು ನನ್ನನ್ನು ಕಲಕಿದೆ.

ಕಾನೂನು ನಿನ್ನ ಕಡೆಗಿದೆ. ನಿನ್ನಂತಹ ಅಂಧರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಯಾವುದನ್ನೂ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕು 2008ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಇತರರಷ್ಟೇ ಅವರಿಗೂ ಇದೆಯೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೆ ನಿನ್ನ ಅಂಜಿಕೆ ಚೆಕ್ ಪುಸ್ತಕದ್ದಲ್ಲವೆಂಬುದು ನನಗೆ ತಿಳಿಯುತ್ತದೆ.

ನಮ್ಮೂರನ್ನೇ ನೋಡು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿದ್ದೂ ಸಂಗೀತದ ಗುರುಗಳಾಗಿ ನಾಡನ್ನೇ ತಮ್ಮ ಕಡೆಗೆ ತಿರುಗಿಸಿಕೊಂಡರು; 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣವೂ ಬಂದಿತು. ಆದರೂ ಅವರಿಬ್ಬರೂ ನಡೆಸಿದ ಅದೇ ವೀರೇಶ್ವರ ಪುಣ್ಯಾಶ್ರಮದ ಅಂಧ ಹುಡುಗನೊಬ್ಬ ರಸ್ತೆಯ ಅಂಚಿನಲ್ಲಿ ನಿಂತರೆ, ಅವನಿಗೆ ದಾಟುವುದಿದೆಯೋ ಇಲ್ಲವೋ ಎಂದು ಕೇಳದೆ ರಟ್ಟೆ ಹಿಡಿದು ಎಳೆದುಕೊಂಡು ಹೋಗುವವರಿದ್ದಾರೆ. ಅವರದು ಕೆಟ್ಟ ಮನಸ್ಸಲ್ಲ. ಕಣ್ಣಿಲ್ಲದವರಿಗೆ ಕೈಮುಗಿಯುವುದೂ ಅವರನ್ನು ಕಂಡು ಮರುಗುವುದೂ ನಮಗೆ ಬಂದಿದೆ. ‘ನಿಮಗೇನು ಬೇಕು’ ಎಂದು ಅವರನ್ನೇ ಕೇಳುವ ರೂಢಿ ಮಾತ್ರ ಬೆಳೆಯಲಿಲ್ಲ.

ನಿನ್ನ ದೊಡ್ಡತ್ತೆಯ ನೆನಪು ಬರುತ್ತಿದೆ. ಹೊಲದ ಹಿಸ್ಸೆಯ ಕಾಗದವಾದ ದಿನ ಊರ ಹಿರಿಯರೊಬ್ಬರು ಅವಳ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಅರಿವೆಯ ಚೂರಿನಿಂದ ತಾವೇ ಒರೆಸಿಯೂ ಬಿಟ್ಟರು. ಬರೆದದ್ದನ್ನು ಯಾರೂ ಓದಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲವೆಂಬ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ನೀನು ಬಾಯಿಬಿಟ್ಟು ಕೇಳಿದ್ದೀಯೆ. ಉತ್ತರ ತಮ್ಮನಿಗೆ ಹೋಯಿತೆಂದು ಮುಂದೆ ಕೇಳುವುದನ್ನೇ ಬಿಟ್ಟುಬಿಡುವೆಯೋ ಎಂಬುದೊಂದೇ ನನ್ನ ಭಯ.

ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ, ಹೇಳಿದ್ದು ಉಪಯೋಗಕ್ಕೆ ಬರುವುದೋ ತಿಳಿಯದು. ಮತ್ತೆ ಹೋಗುವಾಗ ಅರ್ಜಿಯನ್ನು ಸಿದ್ಧಮಾಡಿಕೊಂಡು ಹೋಗು. ಕೊಡುವುದಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳು. ತಮ್ಮ ಜೊತೆಗೆ ಬಂದರೆ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿರಲಿ. ಆಗಲೂ ಅವರು ನಿನ್ನನ್ನು ಬಿಟ್ಟು ಬೇರೆಯವರೊಡನೆ ಮಾತಿಗಿಳಿದರೆ ‘ಖಾತೆ ನನ್ನದು, ನನಗೇ ಹೇಳಿರಿ’ ಎನ್ನು. ಪ್ರತಿ ಸಲವೂ ಹೀಗೆ ಹೇಳಬೇಕಾಗುವುದು ದಣಿವಿನ ಕೆಲಸವೆಂದು ಬಲ್ಲೆ, ಆ ಭಾರವನ್ನು ನಿನ್ನ ಮೇಲೆಯೇ ಹೊರಿಸುತ್ತಿದ್ದೇನೆಂಬ ಅಳುಕೂ ಇದೆ.

ಬ್ಯಾಂಕಿಗೆ ತಾನೇ ಹೋಗಿ ಮಾತನಾಡುತ್ತೇನೆಂದು ನಿನ್ನ ಅಪ್ಪ ಹೊರಟಿದ್ದಾನಂತೆ. ಬೇಡವೆಂದು ಅವನಿಗೂ ಇಂದೇ ಬರೆಯುತ್ತಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ