ಅಣುವಿನ ತನಕ ಇಳಿದರು, ಕೌಂಟರಿಗೆ ಬರಲಿಲ್ಲ

ಮಾನ್ಯರೇ,

ಸಕ್ಕರೆ ಕಾಯಿಲೆ ಹೃದಯವನ್ನು ಒಳಗೊಳಗೇ ಹೇಗೆ ತಿನ್ನುತ್ತದೆ ಎಂಬ ನಿಮ್ಮ ಪತ್ರಿಕೆಯ ಸೋಮವಾರದ ವರದಿ ಓದಿದೆ. ಹೆಚ್ಚಾದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತನಾಳ, ಹೃದಯದ ಸ್ನಾಯು ಎರಡನ್ನೂ ಗಡುಸು ಮಾಡುತ್ತದಂತೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಸೂಪರಾಕ್ಸೈಡ್ ಎಂಬ ಹಾನಿಕರ ಆಮ್ಲಜನಕದ ರೂಪ ಉಕ್ಕಿ ಕೋಶಕ್ಕೇ ಏಟು ಕೊಡುತ್ತದಂತೆ. ನರ ಹಾಳಾಗಿರುವುದರಿಂದ ನಮ್ಮಂಥವರಿಗೆ ಹೃದಯಾಘಾತವಾದರೂ ಎದೆನೋವು ಬರದೇ ಇರಬಹುದಂತೆ. ಈ ಕೊನೆಯದನ್ನು ಓದಬಾರದಿತ್ತು. ಬುಧವಾರ ಬೆಳಿಗ್ಗೆ ಹಾಲು ತರಲು ಹೋದವನಿಗೆ ಸುಮ್ಮನೆ ಬೆವರು, ಸುಸ್ತು. ನೋವಿಲ್ಲ. ನೋವಿಲ್ಲವಲ್ಲ ಎಂದೇ ಜೀವ ಹಾರಿತು! ಹದಿನಾಲ್ಕು ವರ್ಷದ ಸಕ್ಕರೆ ನನ್ನದು. ಆಟೊ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದೆ.

'ಎದೆನೋವಾ?' ಎಂದರು. 'ಇಲ್ಲ' ಎಂದೆ. 'ಹಾಗಾದ್ರೆ ಆ ಸಾಲಿಗೆ ಹೋಗಿ' ಎಂದರು. ಆ ಸಾಲಿನಲ್ಲಿ ಒಂದೂಕಾಲು ಗಂಟೆ. ಇಸಿಜಿಯ ರಬ್ಬರ್ ಬುರುಡೆಗಳಲ್ಲಿ ಎರಡು ಎದೆಗೆ ಹಿಡಿಯದೆ ಕಳಚಿ ಬೀಳುತ್ತಿದ್ದವು, ನಾನೇ ಬೆರಳಿನಿಂದ ಒತ್ತಿ ಹಿಡಿದು ಮಲಗಿದೆ. ಪೇಪರ್ ರೋಲ್ ಇಲ್ಲ. 'ಸ್ಕ್ರೀನಿನ ಫೋಟೊ ಹೊಡ್ಕೊಳ್ಳಿ ಸಾರ್' ಅಂದರು. ಕೈಯಲ್ಲಿ ಬುರುಡೆ ಹಿಡಿದವನು ಫೋಟೊ ಯಾವ ಕೈಯಲ್ಲಿ ಹೊಡೆಯಲಿ? ಹೃದಯಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುವ ಟ್ರೋಪೊನಿನ್ ಪರೀಕ್ಷೆ ಮಾಡಿ ಎಂದರೆ, 'ಕಿಟ್ ಖಾಲಿ, ಇಂಡೆಂಟ್ ಹೋಗಿದೆ', ಅಂದರೆ ಬೇಡಿಕೆ ಪಟ್ಟಿ ಕಳಿಸಿದ್ದಾರಂತೆ. ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ? ಮೆಷಿನ್ ರಿಪೇರಿ. ವಿಜ್ಞಾನ ಅಣುವಿನ ತನಕ ಇಳಿದಿದೆ, ನಮ್ಮ ಊರಿಗೆ ಬರಲು ಮಾತ್ರ ಬಸ್ ಸಿಕ್ಕಿಲ್ಲವೇನೋ.

ಕೊನೆಗೆ ಎದುರಿನ ಖಾಸಗಿ ಲ್ಯಾಬಿನಲ್ಲಿ 1,350 ರೂಪಾಯಿ, ಆಟೊಗೆ ಹೋಗಿ ಬರಲು 160. ದೇವರ ದಯೆ, ಏನೂ ಇರಲಿಲ್ಲ. ಸೊಸೆ 'ಮಾವ, ಇನ್ನು ಪೇಪರ್ ಓದಬೇಡಿ' ಎಂದಳು.

2025ರಲ್ಲಿ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ ಸಮಿತಿ ಮಾಡಿದರು, ವರದಿಯೂ ಬಂತು. ಆಸ್ಪತ್ರೆಯ ಹೊರಗೆ ಹಠಾತ್ತನೆ ಸತ್ತರೆ ಸರ್ಕಾರಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದರು. ಸಂತೋಷ. ಸತ್ತ ಮೇಲೆ ಪರೀಕ್ಷೆ ಕಡ್ಡಾಯ, ಬದುಕಿರುವಾಗ ಕಿಟ್ ಖಾಲಿ! ಹೃದಯಕ್ಕೂ ಒಳ್ಳೆಯದೆನ್ನುವ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆ ಮಾತ್ರೆಯ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಿದ್ದಿದೆ. ಇಲ್ಲಿನ ಔಷಧಿ ಕಿಂಡಿಯಲ್ಲಿ ಸಕ್ಕರೆಯ ಮಾಮೂಲಿ ಮಾತ್ರೆ ಮೆಟ್‌ಫಾರ್ಮಿನ್ನೇ ಹತ್ತು ದಿನಕ್ಕೆ ಎಣಿಸಿ ಕೊಡುತ್ತಾರೆ.

ಆ ಆಸ್ಪತ್ರೆ ಗೇಟಿನ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಎರಡು ಸಲ ಅರ್ಜಿ ಕೊಟ್ಟವನು ನಾನು. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿದ್ದರು, ಇನ್ನೊಮ್ಮೆ ವರ್ಗವಾಗಿದ್ದರು. ಕಾಲಿನ ಸ್ಪರ್ಶ ಸತ್ತ ಸಕ್ಕರೆ ರೋಗಿಗಳು ಅದನ್ನೇ ದಾಟಿ ಒಳಗೆ ಹೋಗಬೇಕು, ಕಾಲಿಗೆ ಗಾಯವಾದರೆ ಗೊತ್ತೂ ಆಗುವುದಿಲ್ಲ.

ಸಂಬಂಧಪಟ್ಟವರು ಕೂಡಲೇ ಕಿಟ್ ತರಿಸಲಿ, ಇಲ್ಲವೇ ಚಪ್ಪಡಿಯನ್ನಾದರೂ ಹಾಕಿಸಲಿ. ಎರಡೂ ಆಗದಿದ್ದರೆ ಕುರ್ಚಿ ಬಿಟ್ಟು ಏಳಲಿ. ನೀವೂ ಅಷ್ಟೇ, ಇಂಥ ವರದಿ ಹಾಕುವಾಗ ಕೆಳಗೆ 'ಕಿಟ್ ಇಲ್ಲ' ಎಂದೊಂದು ಸಾಲು ಸೇರಿಸಿ.

ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಕೋಟೆ ಬೀದಿ