ಆಮೆಯ ಕಥೆಗೆ ಎರಡು ಅಂಕ

ಚಿ. ಸೌ. ಪುಟ್ಟಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವು ಕ್ಷೇಮ. ಮಳೆ ಹಿಡಿದ ಮೇಲೆ ಅಮ್ಮನ ಮಂಡಿನೋವು ತುಸು ಹೆಚ್ಚಾಗಿದೆ, ಅಷ್ಟೇ.

ಮಗುವಿಗೆ ರಾತ್ರಿ ಹೇಳಲು ಹತ್ತು ಪ್ರಾಣಿಕಥೆಗಳನ್ನು ನೀತಿಸಹಿತ ಬರೆದು ಕಳಿಸಬೇಕೆಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಬರೆಯಲು ಕುಳಿತೆ. ಮೊದಲ ಕಥೆಗೇ ಪೆನ್ನು ನಿಂತಿತು. ಎರಡು ಹಂಸ, ನಡುವೆ ಕೋಲು ಕಚ್ಚಿದ ಆಮೆ.

ನಿನಗೆ ನೆನಪಿದೆಯೋ ಇಲ್ಲವೋ. ಆಗ ನೀನು ಮೂರನೇ ತರಗತಿ, ನಾನೇ ನಿನ್ನ ಮೇಷ್ಟರು. ಈ ಕಥೆ ಕೇಳಿದ ರಾತ್ರಿ ಅಡುಗೆಮನೆಗೆ ಓಡಿ, ಲಟ್ಟಣಿಗೆಯನ್ನು ಅಡ್ಡಡ್ಡ ಕಚ್ಚಿಕೊಂಡು ಬಂದು ನನ್ನ ಮುಂದೆ ನಿಂತೆ. ‘ಅಪ್ಪ’ ಎನ್ನಲು ತುಟಿ ಕೂಡುತ್ತಿರಲಿಲ್ಲ. ‘ಅಹ್ಹ, ಅಹ್ಹ’ ಎನ್ನುತ್ತಿದ್ದೆ. ಜೊಲ್ಲು ಗಲ್ಲದಿಂದಿಳಿದು ಲಂಗ ನೆನೆಸಿತು. ಲಟ್ಟಣಿಗೆ ತೆಗೆದ ಮೇಲೆ ತಿಳಿಯಿತು, ನೀನು ಹೇಳುತ್ತಿದ್ದದ್ದು ‘ಅಪ್ಪಾ, ಹೀಗೂ ಮಾತನಾಡಬಹುದು’ ಎಂದು.

ಮರುವಾರದ ಕಿರುಪರೀಕ್ಷೆಯಲ್ಲಿ ನಾನು ಕೇಳಿದ್ದೆ: ಈ ಕಥೆಯ ನೀತಿಯೇನು? ಎರಡು ಅಂಕ. ಇಡೀ ತರಗತಿ ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಬರೆದಿತ್ತು. ಹಾಗೆ ಬರೆಯಬೇಕೆಂದು ಹೇಳಿಕೊಟ್ಟವನೂ ನಾನೇ. ನೀನು ಮಾತ್ರ ಬರೆದಿದ್ದೆ: ‘ಹಂಸಗಳು ಊರಿನ ಮೇಲೆ ಹಾರಬಾರದಿತ್ತು. ಕಾಡಿನ ಕಡೆಯಿಂದ ಸುತ್ತಿಕೊಂಡು ಹೋಗಬೇಕಿತ್ತು.’ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸೊನ್ನೆ ಕೊಟ್ಟೆ. ಮಗಳಿಗೆ ಅಂಕ ಕೊಟ್ಟನೆಂದು ಯಾರಾದರೂ ಅಂದುಕೊಂಡಾರೆಂಬ ಅಂಜಿಕೆಯೂ ಇತ್ತೆನ್ನು.

ನಿವೃತ್ತಿಯ ನಂತರ ಹಳೆಯ ಗ್ರಂಥಗಳನ್ನು ಬಿಡುವಾಗಿ ಓದಿದಾಗ ನನ್ನ ಸೊನ್ನೆಯ ಬಗ್ಗೆ ನನಗೇ ನಾಚಿಕೆಯಾಯಿತು. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕಕಥೆಯಲ್ಲಿ ಈ ಆಮೆ ಬೀಳುವುದು ಅರಮನೆಯ ಅಂಗಳಕ್ಕೆ. ಅಲ್ಲಿಯ ರಾಜ ಬಾಯಿಬಡುಕ. ಒಬ್ಬರಿಗೂ ಮಾತಿಗೆ ಎಡೆ ಕೊಡುವವನಲ್ಲ. ಅವನಿಗೆ ಬುದ್ಧಿ ಹೇಳಲು ಕಾಯುತ್ತಿದ್ದ ಮಂತ್ರಿಗೆ ಆಮೆ ಸಿಕ್ಕಿತು. ಸರಿ, ಅಲ್ಲಿ ನೀತಿ ಮೌನದ್ದೇ. ಆದರೆ ಪಂಚತಂತ್ರದಲ್ಲಿ ಇದೇ ಕಥೆಯನ್ನು ಹೇಳುವುದು ಒಂದು ಹೆಣ್ಣು ಟಿಟ್ಟಿಭ ಹಕ್ಕಿ. ಸಮುದ್ರದ ದಡದಲ್ಲಿ ಮೊಟ್ಟೆಯಿಡುವುದು ಬೇಡವೆಂದರೂ ಗಂಡ ಕೇಳುವುದಿಲ್ಲ. ಅವನಿಗೆ ಅವಳು ಆಮೆಯನ್ನು ತೋರಿಸಿ ಹೇಳುವುದು ಬೇರೆಯೇ ಮಾತು: ಹಿತ ಬಯಸುವವರ ಮಾತು ಕೇಳದವನು ಕೆಡುತ್ತಾನೆ. ಆಮೆ ಅದೇ, ಕೋಲು ಅದೇ, ನೀತಿ ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ಸಮುದ್ರ ಮೊಟ್ಟೆಗಳನ್ನು ಒಯ್ದೇಬಿಡುತ್ತದೆ. ಮಾತು ಕೇಳದ ಗಂಡ ಕೆಟ್ಟನೇ? ಇಲ್ಲ! ಹಕ್ಕಿಗಳನ್ನೆಲ್ಲ ಕೂಡಿಸಿ ಗರುಡನಿಗೆ ದೂರು ಕೊಡುತ್ತಾನೆ, ದೂರು ವಿಷ್ಣುವಿನವರೆಗೂ ಹೋಗುತ್ತದೆ, ಹೆದರಿದ ಸಮುದ್ರ ಮೊಟ್ಟೆಗಳನ್ನು ತಂದೊಪ್ಪಿಸುತ್ತದೆ. ಹೆಂಡತಿ ಹೇಳಿದ ನೀತಿ ಅವಳ ಮನೆಯಲ್ಲೇ ಸುಳ್ಳಾಯಿತು. ಇನ್ನು ಈ ಟಿಟ್ಟಿಭಗಳ ಕಥೆ ಹೇಳುವವನಾದರೂ ಯಾರು? ದಮನಕನೆಂಬ ನರಿ. ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹ ಮುರಿಯಲು ಹೊರಟವನು. ಎತ್ತಿನ ಮುಂದೆ ಕುಳಿತು ಹಿತೈಷಿಯಂತೆ ಕಥೆ ಹೇಳುತ್ತಾನೆ; ಕೊನೆಗೆ ಸಿಂಹದ ಕೈಯಲ್ಲಿ ಎತ್ತನ್ನು ಕೊಲ್ಲಿಸಿ ತಾನು ಮಂತ್ರಿಯಾಗಿ ಸುಖವಾಗಿರುತ್ತಾನೆ. ಈ ಕೊನೆಯನ್ನು ನಾನು ಮಕ್ಕಳಿಗೆ ಒಂದು ದಿನವೂ ಹೇಳಿದವನಲ್ಲ.

ಎಂಟನೇ ಶತಮಾನದಲ್ಲಿ ಇದನ್ನು ಅರಬ್ಬಿಗೆ ತಂದ ಇಬ್ನ್ ಅಲ್ ಮುಕಫ್ಫನಿಗೂ ಈ ಕೊನೆ ಸಹಿಸಲಾಗಲಿಲ್ಲವೇನೋ. ನರಿಯ ಮೇಲೆ ವಿಚಾರಣೆ ನಡೆಸಿ ಶಿಕ್ಷೆ ಕೊಡಿಸುವ ಅಧ್ಯಾಯವನ್ನೇ ಹೊಸದಾಗಿ ಸೇರಿಸಿದ. ಅವನಲ್ಲೂ ಒಬ್ಬ ಮೇಷ್ಟರಿದ್ದ. ನಮ್ಮ ದುರ್ಗಸಿಂಹ ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ. ಅಂದರೆ ಯುದ್ಧ, ಒಪ್ಪಂದಗಳನ್ನು ನೋಡಿಕೊಳ್ಳುವ ಅಧಿಕಾರಿ. ಆಸ್ಥಾನದ ದಮನಕರನ್ನು ದಿನವೂ ಕಣ್ಣಾರೆ ಕಾಣುತ್ತಿದ್ದವನು. ಅಂಥವನು ಈ ಕಥೆಗಳನ್ನು ಕೈಗೆತ್ತಿಕೊಂಡದ್ದು ಮಕ್ಕಳನ್ನು ಮಲಗಿಸಲಿಕ್ಕಂತೂ ಆಗಿರಲಾರದು.

ಆದ್ದರಿಂದ ಹತ್ತು ಕಥೆ ಕಳಿಸುತ್ತಿದ್ದೇನೆ, ನೀತಿ ಒಂದನ್ನೂ ಬರೆದಿಲ್ಲ. ಮಗು ‘ಆಮೇಲೆ?’ ಎಂದರೆ ಮುಂದುವರಿಸು, ‘ಯಾಕೆ?’ ಎಂದರೆ ಅವನನ್ನೇ ಕೇಳು. ಆಮೆ ಬಿದ್ದದ್ದಕ್ಕೆ ಅತ್ತರೆ ಅಳಲಿ, ಕೆರೆಗೆ ಬಿತ್ತೆಂದು ಹೇಳಿ ಬದುಕಿಸಬೇಡ. ನಿನ್ನಮ್ಮ ಹಾಗೆ ಹೇಳಿಯೇ ನಿನ್ನನ್ನು ಮಲಗಿಸುತ್ತಿದ್ದಳು, ಅದು ಬೇರೆ ಮಾತು.

ಅಟ್ಟ ಗುಡಿಸುವಾಗ ನಿನ್ನ ಆ ಪರೀಕ್ಷೆಯ ಪುಸ್ತಕ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿದೆ, ನನ್ನ ಕೆಂಪು ಗೀಟು ಮಾಸಿ ಕಂದಾಗಿದೆ, ನಿನ್ನ ಉತ್ತರ ಮಾತ್ರ ಇನ್ನೂ ಚೆನ್ನಾಗಿ ಓದಲು ಬರುತ್ತದೆ. ಸೊನ್ನೆಯ ಪಕ್ಕದಲ್ಲಿ ಎರಡು ಎಂದು ಬರೆದು, ಇಂದಿನ ತಾರೀಕು ಹಾಕಿ, ಸಹಿ ಮಾಡಿದ್ದೇನೆ. ಅಮ್ಮ ಕಟ್ಟಿಟ್ಟಿರುವ ಹಪ್ಪಳದ ಪೊಟ್ಟಣದೊಳಗೆ ಇಟ್ಟು ಕಳಿಸುತ್ತೇನೆ. ಹುಷಾರಾಗಿ ಬಿಚ್ಚು, ಹಾಳೆಗಳು ಉದುರುತ್ತಿವೆ.

ಇಂತಿ,
ನಿನ್ನ ಅಪ್ಪ